ಅಗಳಿಗೆ ಓಡಿದ ದಿನ

ನಮ್ಮ ಬೀದಿಯಲ್ಲಿ ಈಚೆಗೆ ಬೆಳಗಾಗುವುದೇ ತಡ, ಜನ ಓಡುತ್ತಾರೆ. ಬಿಳಿ ಬೂಟು ಹಾಕಿಕೊಂಡು, ಕೊರಳಿಗೆ ಟವೆಲ್ಲು ಸುತ್ತಿಕೊಂಡು, ಸಾಲಗಾರ ಹಿಂದೆ ಬಿದ್ದವರ ಹಾಗೆ ಮುಖ ಗಂಟಿಕ್ಕಿಕೊಂಡು ಓಡುತ್ತಾರೆ. ನಾನು ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಕೂತು ನೋಡುತ್ತೇನೆ. ಅವರು ಓಡುವುದು ನನಗೆ ಆಶ್ಚರ್ಯವಲ್ಲ. ಅವರನ್ನು ಯಾರೂ ಏನೂ ಕೇಳುವುದಿಲ್ಲವಲ್ಲ, ಅದು ಆಶ್ಚರ್ಯ. ಹಾಲಿನವನು ಕೇಳುವುದಿಲ್ಲ, ಎದುರುಮನೆಯ ಮುದುಕಮ್ಮ ಕೇಳುವುದಿಲ್ಲ. ಬೀದಿ ನಾಯಿ ಕೂಡ ತಲೆ ಎತ್ತಿ ಒಂದು ಸಲ ನೋಡಿ ಮತ್ತೆ ಮಲಗಿಬಿಡುತ್ತದೆ.

ನಾನು ಹುಟ್ಟಿ ಬೆಳೆದ ರಾಯದುರ್ಗದಲ್ಲಿ ಹೀಗಿರಲಿಲ್ಲ. ಅಲ್ಲಿ ಯಾರಾದರೂ ಓಡಬೇಕಾದರೆ ಕಾರಣ ಬೇಕಾಗಿತ್ತು. ಬಣವೆಗೆ ಬೆಂಕಿ ಬಿದ್ದಿರಬೇಕು, ಎತ್ತು ಹಗ್ಗ ಹರಿದುಕೊಂಡಿರಬೇಕು, ಇಲ್ಲವೇ ಯಾರಾದರೂ ಸತ್ತಿರಬೇಕು. ಆದ್ದರಿಂದ ಓಡುವವನನ್ನು ನಿಲ್ಲಿಸಿ ಕೇಳುವುದು ಕಂಡವರ ಧರ್ಮ; ನಿಂತು ಉತ್ತರ ಹೇಳಿ ಮುಂದೆ ಓಡುವುದು ಓಡುವವನ ಮರ್ಯಾದೆ. ನಾನು ಚಿಕ್ಕವನಿದ್ದಾಗ ಸೋದರತ್ತೆಗೆ ಹೆರಿಗೆ ಬೇನೆ ಬಂತೆಂದು ಸೂಲಗಿತ್ತಿಯನ್ನು ಕರೆತರಲು ನನ್ನನ್ನು ಓಡಿಸಿದರು. ಕೋಟೆ ಬೆಟ್ಟದ ಬುಡದಿಂದ ನೇಕಾರರ ಓಣಿಗೆ ಮಹಾ ಎಷ್ಟು ದೂರ? ಆದರೆ ಮಗ್ಗದ ಗುಂಡಿಯಿಂದ ಒಬ್ಬರು, ಬಾವಿಕಟ್ಟೆಯಿಂದ ಒಬ್ಬರು, "ಯಾಕಪಾ, ಓಡಾಕ ಹತ್ತೀದಿ?" ಎಂದು ಕೇಳಿದರು. ನಾನು ಎಲ್ಲರ ಮುಂದೆಯೂ ನಿಂತು, "ಅತ್ತಿಗೆ ಬ್ಯಾನಿ ಬಂದಾವ್ರಿ" ಎಂದು ಸಾವಧಾನವಾಗಿ ಹೇಳಿದೆ. ಸೂಲಗಿತ್ತಿಯ ಕೈಹಿಡಿದು ಮನೆಗೆ ಬರುವಷ್ಟರಲ್ಲಿ ಮಗು ಹುಟ್ಟಿ, ಎರಕೊಂಡು, ಮೊರದಲ್ಲಿ ಮಲಗಿತ್ತು. ಅವತ್ತಿನಿಂದ ಓಡುವ ಕೆಲಸವನ್ನು ನನಗೆ ಹೇಳುವುದನ್ನು ನಮ್ಮ ಮನೆಯವರು ಬಿಟ್ಟರು.

ಅಂಥ ನಾನು ಒಂದು ದಿನ ಅಗಳಿಯವರೆಗೆ ಐದು ಹರದಾರಿ, ಅಂದರೆ ಹದಿನೈದು ಮೈಲಿ, ಓಡಿದೆನೆಂದರೆ ನನ್ನ ಹೆಂಡತಿ ಈಗಲೂ ನಂಬುವುದಿಲ್ಲ. ಪೂರ್ತಿ ಓಡಲಿಲ್ಲವೆನ್ನುವುದು ಬೇರೆ ಮಾತು. ಅದನ್ನು ಮುಂದೆ ಹೇಳುತ್ತೇನೆ.

ಅದು ಯುದ್ಧದ ಕಾಲ. ಮದರಾಸು ಸರ್ಕಾರದ ಗುಮಾಸ್ತನಾಗಿ ನಾನು ಮಡಕಶಿರಾ ತಾಲೂಕು ಕಚೇರಿಗೆ ಹೋಗಿದ್ದೆ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಗೌರವಕ್ಕೆ ಹೇಳುವ ಮಾತು. ದಿಣ್ಣೆ ಬಂದಲ್ಲಿ ಪ್ರಯಾಣಿಕರೇ ಇಳಿದು ತಳ್ಳಬೇಕಾಗಿತ್ತು. ನನ್ನ ಬಾಡಿಗೆ ಕೋಣೆಯ ಪಕ್ಕದಲ್ಲಿ ಖಾದರನ ದರ್ಜಿ ಅಂಗಡಿ. ಕಡ್ಡಿಯಂಥ ಆಳು, ಬಾಯಿ ಮಾತ್ರ ಹೊಲಿಗೆ ಮಿಷನ್ನಿನಂತೆ ನಿಲ್ಲದೆ ಓಡುವುದು. ಆ ಅಂಗಡಿಯ ಬೆಂಚಿನ ಮೇಲೆ ನನಗೆ ಈರಣ್ಣನ ಸ್ನೇಹವಾಯಿತು. ಅವನು ಊರಿಂದ ಒಂದು ಹರದಾರಿಯಾಚೆಯ ಹಳ್ಳಿಯವನು; ಕಡಲೆಕಾಯಿ, ರಾಗಿ ಬೆಳೆಯುವ ಮನೆ, ಬಾವಿಯ ಕೆಳಗೆ ಒಂದಿಷ್ಟು ಹಿಪ್ಪುನೇರಳೆ. ಮಾತು ಕಡಿಮೆ, ನಗು ಜಾಸ್ತಿ. ನನ್ನ ರಾಯದುರ್ಗದ 'ಬರ್ರಿ, ಹೋಗ್ರಿ' ಅವರಿಬ್ಬರಿಗೂ ದೊಡ್ಡ ತಮಾಷೆಯಾಗಿತ್ತು. ಖಾದರ್ ನನಗೆ 'ರೀ ಗುಮಾಸ್ತ' ಎಂದೇ ಹೆಸರಿಟ್ಟಿದ್ದ.

ಆ ವರ್ಷ ಈರಣ್ಣನಿಗೆ ಅಗಳಿಯ ಗಿರಿಜಳನ್ನು ತಂದುಕೊಳ್ಳುವ ಮಾತು ನಡೆದಿತ್ತು. ಹುಡುಗ ಹುಡುಗಿ ಇಬ್ಬರೂ ಯಾರದೋ ಮದುವೆಯಲ್ಲಿ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು. ಈರಣ್ಣನ ಅಪ್ಪ ಚಿಕ್ಕಣ್ಣನವರೂ ಒಪ್ಪಿದ್ದರು. ಅಷ್ಟರಲ್ಲಿ ಯಾರೋ ಹೋಗಿ ಹುಡುಗಿಯ ತಾಯಿ ಕೆಂಪಮ್ಮನವರ ಕಿವಿಗೆ, ಹುಡುಗನಿಗೆ ದಮ್ಮಿನ ಕಾಯಿಲೆ ಇದೆ ಎಂದು ಊದಿದರು. ಅದು ಪೂರ್ತಿ ಸುಳ್ಳಲ್ಲ. ಚಿಕ್ಕಂದಿನಲ್ಲಿ ಚಳಿಗಾಲ ಬಂದರೆ ಅವನಿಗೆ ಉಸಿರು ಕಟ್ಟುತ್ತಿತ್ತಂತೆ. ಮೀಸೆ ಬರುವ ಹೊತ್ತಿಗೆ ಅದೂ ಹೋಗಿತ್ತು. ಆದರೆ ಕೆಂಪಮ್ಮನವರ ಗಂಡ ಸತ್ತದ್ದೇ ದಮ್ಮಿನಿಂದ. ಗಿರಿಜ ತೊಟ್ಟಿಲಲ್ಲಿದ್ದಾಗ, ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತು ಉಸಿರಿಗೆ ಗುದ್ದಾಡಿ ಗುದ್ದಾಡಿ ಹೋದವರು. ಆಯಮ್ಮ ಹೇಳಿ ಕಳಿಸಿದ್ದು ಒಂದೇ ಮಾತು: "ಹುಡುಗ ಒಳ್ಳೇವ್ನೆ. ಆದ್ರೆ ನನ್ ಮಗಳು ನನ್ನಂಗಾಗೋದು ಬ್ಯಾಡ." ಇದಕ್ಕೆ ಎದುರು ಹೇಳುವುದು ಯಾರಿಂದ ಸಾಧ್ಯ? ಚಿಕ್ಕಣ್ಣನವರು ಬೇರೆ ಕಡೆ ಹೆಣ್ಣು ನೋಡುವ ಮಾತು ತೆಗೆದರು. ಈರಣ್ಣ ಖಾದರನ ಬೆಂಚಿನ ಮೇಲೆ ಬಂದು ಕೂತು, ಗುಂಡಿಗಳ ಡಬ್ಬಿಯನ್ನು ಸುರುವುವುದು, ಮತ್ತೆ ತುಂಬುವುದು, ಇದೇ ಕೆಲಸ ಮಾಡಿದ.

ಒಂದು ಸಂಜೆ ಖಾದರ್ ಮಿಷನ್ ನಿಲ್ಲಿಸಿ ಅಂದ: "ನಿಂಗೆ ದಮ್ಮೈತೆ ಅಂತ ತಾನೆ ಅವ್ರು ಅಂದಿದ್ದು? ಹೌದಮ್ಮ, ದಮ್ಮೈತೆ ಅಂತ ತೋರ್ಸು. ನಿಮ್ಮೂರಿಂದ ಅಗಳಿಗೆ ಓಡು. ಉಸಿರು ಕಟ್ಟೋನು ಅಲ್ಲೀಗಂಟ ಓಡ್ತಾನಾ?"

ಈರಣ್ಣ ತಲೆ ಎತ್ತಿದ. ಅವನು ಇದನ್ನು ತಮಾಷೆಯೆಂದು ತೆಗೆದುಕೊಳ್ಳಲಿಲ್ಲ. "ನಾನು ಓಡ್ಬಂದೆ ಅಂದ್ರೆ ಅವ್ರು ನಂಬ್ಬೇಕಲ್ಲ?" ಎಂದ.

"ನಾನೂ ಬತ್ತೀನಿ. ಸಾಕ್ಷಿಗೆ ಸರ್ಕಾರಿ ಮನುಷ್ಯ ಒಬ್ಬ ಬೇಕು," ಎಂದು ಖಾದರ್ ನನ್ನ ಕಡೆ ನೋಡಿದ.

"ನನ್ನ ಕೈಲೆ ಆಗೂದಿಲ್ರಿ," ಎಂದೆ. ನನ್ನ ಮಾತನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಖಾದರ್ ಆಗಲೇ ಟೇಪು ತೆಗೆದು ನನ್ನ ಸೊಂಟ ಅಳೆಯುತ್ತಿದ್ದ.

ಬಟ್ಟೆಗೆ ಬರಗಾಲವಿದ್ದ ದಿನಗಳವು. ಯಾವುದೋ ಹಳೆಯ ಗುಡಾರದ ಖಾಕಿ ಬಟ್ಟೆಯಲ್ಲಿ ಅವನು ಮೂರು ಚಡ್ಡಿ ಹೊಲಿದ. ಅವು ನಿಲ್ಲಿಸಿದರೆ ತಾವೇ ನಿಲ್ಲುವಷ್ಟು ಗಡುಸು. ಪಂಚೆಯನ್ನು ತಲೆಗೆ ರುಮಾಲಿನಂತೆ ಸುತ್ತಿಕೊಂಡು ಓಡುವುದು, ಅಗಳಿಯ ಕೆರೆಯಲ್ಲಿ ಕೈಕಾಲು ತೊಳೆದು ಪಂಚೆ ಉಟ್ಟು ಮರ್ಯಾದಸ್ಥರಾಗಿ ಹುಡುಗಿಯ ಮನೆಗೆ ಹೋಗುವುದು, ಇದು ನಮ್ಮ ಏರ್ಪಾಡು. ಕೆಲವು ದಿನ ಬೆಳಗ್ಗೆ ಕೆರೆಯಂಗಳದಲ್ಲಿ ಓಡಿ ಅಭ್ಯಾಸವನ್ನೂ ಮಾಡಿದೆವು. ನಾನು ಹೆಚ್ಚಾಗಿ ಏರಿಯ ಮೇಲೆ ಕೂತು ಅವರ ಅಭ್ಯಾಸವನ್ನು ನೋಡಿದೆ.

ಅವರೆಕಾಯಿಯ ಕಾಲ. ಇನ್ನೂ ಮಂಜು ಹರಿದಿರಲಿಲ್ಲ, ಈರಣ್ಣನ ಹಳ್ಳಿಯಿಂದ ಹೊರಟೆವು. ಅವನ ಅಪ್ಪನಿಗೆ ಹೇಳಿರಲಿಲ್ಲ. ತಾಯಿಗೆ ಮಾತ್ರ ಗೊತ್ತು. ಆಕೆ ಹುರಿಗಡಲೆ, ಬೆಲ್ಲ ಗಂಟು ಕಟ್ಟಿ ಕೊಟ್ಟು, ಮಗನ ಎದೆಯ ಮೇಲೆ ಒಂದು ಸಲ ಕೈಯಾಡಿಸಿ, "ನಿಧಾನ್ಕೆ ಓಡು ಕಣಪ್ಪ," ಎಂದರು. ನಿಧಾನವಾಗಿ ಓಡುವುದು ಹೇಗೆಂದು ಖಾದರ್ ಕೇಳಬೇಕೆಂದಿದ್ದನಂತೆ. ಆಯಮ್ಮನ ಮುಖ ನೋಡಿ, ಅದನ್ನು ಬಿಟ್ಟು ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಮೊದಲ ಹರದಾರಿಯ ಸುಖವನ್ನು ನಾನು ಇವತ್ತಿಗೂ ಮರೆತಿಲ್ಲ. ಕಡಲೆಕಾಯಿ ಕಿತ್ತ ಕೆಂಪು ಹೊಲ, ಮೆತ್ತಗೆ ಒದ್ದೆ ಮಣ್ಣು. ರಾಗಿ ಮೆದೆಗಳ ಮೇಲೆ ಗುಬ್ಬಚ್ಚಿ ಗುಂಪು. ಸೊಗಡವರೆಯ ವಾಸನೆ ಮೂಗಿಗೆ ಅಡರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮೂವರ ಹೆಜ್ಜೆಯ ಸದ್ದೂ ಒಂದೇ ಆಯಿತು. ನನ್ನ ಕಾಲುಗಳು ನನ್ನನ್ನು ಕೇಳದೆ ತಾವಾಗಿ ಹೋಗುತ್ತಿದ್ದವು. ಯಾವ ಕಾರಣವೂ ಇಲ್ಲದೆ ನಗು ಬರುತ್ತಿತ್ತು. ಕಚೇರಿಯಲ್ಲಿ ಕೂತು ಬಾಗಿದ ನನ್ನ ಬೆನ್ನು, ಇದು ಯಾರ ಮೈಯೊಳಗೆ ಬಂದು ಸೇರಿದೆನಪ್ಪ ಎಂದುಕೊಂಡಿರಬೇಕು.

ಆಮೇಲೆ ಹೊತ್ತು ಏರಿತು, ಜನ ಹೊಲಕ್ಕೆ ಬಂದರು, ಪ್ರಶ್ನೆಗಳು ಶುರುವಾದವು. "ಯಾಕ್ರಪ್ಪಾ ಓಡ್ತಿದೀರಾ? ಏನಾಯ್ತು?" ಈರಣ್ಣ ಸತ್ಯವಂತ. "ಸುಮ್ನೆ," ಎನ್ನುತ್ತಿದ್ದ. "ಸುಮ್ನೆ ಯಾರಾದ್ರೂ ಓಡ್ತಾರೇನ್ಲಾ?" ಎಂದು ಅವರು ಬೆನ್ನ ಹಿಂದಿನಿಂದ ಕೂಗುವರು. ಖಾದರ್ ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತ ಹೋದ. ಚಿರತೆ ಬಂತೆಂದ, ಹಸು ಕಳೆದಿದೆಯೆಂದ, ಯುದ್ಧ ಮುಗಿಯಿತೆಂದೂ ಒಂದು ಕಡೆ ಹೇಳಿದ. ಬಾವಿಯ ಹತ್ತಿರ ಎತ್ತು ಹೂಡಿ ಕಪಿಲೆಯಲ್ಲಿ ನೀರೆತ್ತುತ್ತಿದ್ದ ಒಬ್ಬ ಮುದುಕ ಮಾತ್ರ ಏನೂ ಕೇಳಲಿಲ್ಲ. ಎತ್ತುಗಳನ್ನು ನಿಲ್ಲಿಸಿ, ಕಚ್ಚೆ ಬಿಗಿದು, "ತಡೀರಿ, ನಾನೂ ಒಂದೀಟು ಓಡ್ತೀನಿ," ಎಂದು ನಮ್ಮ ಜೊತೆ ಎರಡು ಹೊಲ ಓಡಿ ಬಂದ. ಆಮೇಲೆ ಬದುವಿನ ಮೇಲೆ ನಿಂತು, ತೃಪ್ತನಾಗಿ, "ಓಗ್ಬನ್ನಿ," ಎಂದು ಬೀಳ್ಕೊಟ್ಟ. ಅವನ ಹೆಸರನ್ನೂ ನಾವು ಕೇಳಲಿಲ್ಲ.

ರೊಳ್ಳ ಎಂಬ ಊರಿನ ಈಚೆಗೆ ಅಡ್ಡದಾರಿ ಹಿಡಿದೆವು. ಆ ಕಡೆಯ ಗಡಿ ಹಾವಿನಂತೆ ಸುತ್ತಿಕೊಂಡಿದೆ. ಒಂದು ಹೊಲ ನಮ್ಮ ಇಂಗ್ಲಿಷರ ಕುಂಪಣಿ ಸೀಮೆ, ಮುಂದಿನದು ಮೈಸೂರು ಸೀಮೆ. "ಒಂದು ದೇಶ ದಾಟಿದ್ವಿ," ಎಂದು ಖಾದರ್ ಘೋಷಿಸಿದ. ಮಹಾರಾಜರ ಕಡೆಯ ಬಿಸಿಲು ಬೇರೆಯೇನೂ ಇರಲಿಲ್ಲ. ಅಲ್ಲಿಂದ ಮತ್ತೆ ನಮ್ಮ ಸೀಮೆಗೆ ಬರುವ ದಾರಿಯಲ್ಲಿ, ಹೊಂಗೆ ಮರದ ಕೆಳಗೆ, ದವಸ ಗಡಿ ದಾಟದ ಹಾಗೆ ಕಾಯಲು ಇಟ್ಟಿದ್ದ ಕಾವಲಿನವನೊಬ್ಬ ಕೋಲು ಅಡ್ಡ ಹಿಡಿದ. "ಎಕ್ಕಡಿಕಿ?" ಎಂದು ತೆಲುಗಿನಲ್ಲಿ ಶುರುಮಾಡಿ, ನಮ್ಮ ಮುಖ ನೋಡಿ ಕನ್ನಡಕ್ಕೆ ಇಳಿದ: "ಎಲ್ಲಿಗೆ ಓಡ್ತಿದೀರ? ತಲೆ ಮ್ಯಾಗೆ ಏನೈತೆ?"

"ಪಂಚಿ ಐತ್ರಿ," ಎಂದೆ.

"ಬಿಚ್ಚಿ."

ಬಿಚ್ಚಿದೆವು. ಮೂರು ಪಂಚೆಗಳನ್ನೂ ಮರದ ಕೊಂಬೆಗೆ ಬಡಿದು ಕೊಡವಿ ನೋಡಿದ. ಒಂದು ಕಾಳು ರಾಗಿಯೂ ಉದುರಲಿಲ್ಲ; ಈರಣ್ಣನ ತಾಯಿ ಕೊಟ್ಟ ಕಡಲೆಯನ್ನು ನಾವು ದಾರಿಯಲ್ಲೇ ತಿಂದು ಮುಗಿಸಿದ್ದೆವು. ಅವನಿಗೆ ಇನ್ನೂ ಅನುಮಾನ. "ಕಾಳಿಲ್ಲ, ಕಡ್ಡಿಯಿಲ್ಲ. ಮತ್ಯಾಕೆ ಓಡ್ತಿದೀರ?"

ಖಾದರ್ ಬಾಯಿ ತೆರೆಯುವ ಮುಂಚೆ ಈರಣ್ಣ ನಡೆದದ್ದನ್ನೆಲ್ಲ ಇದ್ದ ಹಾಗೆ ಹೇಳಿಬಿಟ್ಟ. ಗಿರಿಜ, ಅವಳ ತಾಯಿ, ತೀರಿಕೊಂಡ ಅವಳ ತಂದೆ, ತನ್ನ ಹಳೆಯ ಕಾಯಿಲೆ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಕಾವಲಿನವನು ಕೋಲು ಕೆಳಗಿಳಿಸಿದ. ತನ್ನ ಮಡಕೆಯಿಂದ ಮೂವರಿಗೂ ನೀರು ಹೊಯ್ದ. "ಓಡಪ್ಪ," ಎಂದ. "ಬಿಸ್ಲೇರೋದ್ರೊಳಗೆ ಓಡು."

ಬಿಸಿಲು ಏರಿಯೇ ಬಿಟ್ಟಿತ್ತು. ನನ್ನ ಸುಖವೆಲ್ಲ ಯಾವಾಗಲೋ ಮುಗಿದು, ಗುಡಾರದ ಬಟ್ಟೆ ತೊಡೆ ಉಜ್ಜುತ್ತಿತ್ತು. ಅವರಿಬ್ಬರೂ ಮುಂದೆ, ನಾನು ಒಂದು ಕೂಗಳತೆ ಹಿಂದೆ. ಆಗ ಹಿಂದಿನಿಂದ ಸೈಕಲ್ಲಿನಲ್ಲಿ ರೇಷ್ಮೆಗೂಡಿನ ವ್ಯಾಪಾರಿಯೊಬ್ಬ ಬಂದು ನನ್ನ ಪಕ್ಕಕ್ಕೆ ನಿಧಾನಿಸಿದ.

"ಏನಾಯ್ತು ಸ್ವಾಮಿ?"

ಏನೂ ಆಗಿಲ್ಲ ಎನ್ನಬೇಕು. ಅಷ್ಟಕ್ಕೆ ಉಸಿರಿರಲಿಲ್ಲ. "ಇಲ್ಲ," ಎಂದೆ.

ಅವನು ಮುಂದೆ ಓಡುತ್ತಿದ್ದವನನ್ನು ನೋಡಿದ. "ಅವ್ನು ಚಿಕ್ಕಣ್ಣನ ಮಗ ಅಲ್ವಾ? ಅಯ್ಯೋ, ಚಿಕ್ಕಣ್ಣ ಇಲ್ವಾ?"

ಹಾಗಲ್ಲಪ್ಪಾ ಎನ್ನುವುದಕ್ಕೆ ಕೈಯಾಡಿಸಿ, ಮತ್ತೆ, "ಇಲ್ಲ, ಇಲ್ಲ," ಎಂದೆ.

"ಶಿವಶಿವಾ," ಎಂದು ಅವನು ಎದ್ದು ನಿಂತು ಪೆಡಲು ತುಳಿದು, ಅಗಳಿಯ ಕಡೆ ಕಣ್ಮರೆಯಾದ. ಆ ಮನುಷ್ಯ ಯಾಕಷ್ಟು ಅವಸರದಲ್ಲಿ ಹೋದನೆಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಗಳಿಯ ಕೆರೆ ಕಾಣಿಸುತ್ತಿದ್ದ ಹಾಗೆಯೇ ನನ್ನ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಅದು ಕಲ್ಲಿನಂತೆ ಗಂಟುಕಟ್ಟಿತು; ನಾನು ದಾರಿಯಲ್ಲಿ ಉರುಳಿದೆ. ಅವರಿಬ್ಬರೂ ಹಿಂದಿರುಗಿ ಬಂದರು. ತಿಕ್ಕಿದರು, ಎಳೆದರು, ನಿಲ್ಲಿಸಿದರು. ನಾನು ಮತ್ತೆ ಕೂತೆ. ಹತ್ತಿರದಲ್ಲಿ ಒಂದು ಮರದ ನೆರಳೂ ಇರಲಿಲ್ಲ.

ಖಾದರ್ ಅಂದ: "ಈರಣ್ಣ, ನೀನು ಹೋಗು. ನಾನು ಇವನ್ನ ನಿಧಾನಕ್ಕೆ ಕರ್ಕೊಂಬತ್ತೀನಿ. ನೋಡು, ನಿನ್ನ ಉಸಿರು ಎಷ್ಟು ಚೆನ್ನಾಗೈತೆ. ಇದೇ ಉಸಿರ್ನಾಗೆ ಹೋಗಿ ಆಯಮ್ಮನ ಮುಂದೆ ನಿಂತ್ಕೋ."

ಅದು ನಿಜ. ಅಷ್ಟು ದೂರ ಓಡಿ ಬಂದರೂ ಈರಣ್ಣನ ಎದೆ ಸಂತೆಗೆ ನಡೆದು ಬಂದವನಷ್ಟೇ ಏರಿಳಿಯುತ್ತಿತ್ತು. ನಾವು ತೋರಿಸಬೇಕೆಂದು ಬಂದದ್ದು ಅದನ್ನೇ. ಅವನು ಕೆರೆಯ ಆಚೆ ಕಾಣುತ್ತಿದ್ದ ಊರನ್ನು ಒಂದು ಸಲ ನೋಡಿದ, ನನ್ನನ್ನು ನೋಡಿದ. "ನಿನ್ನ ಕೈಲಿ ಇವನ್ನ ಎತ್ತಾಕಾಗ್ತದಾ? ಬಿಸ್ಲಾಗೆ ಎಂಗೆ ಬಿಟ್ಟೋಗೋದು?" ಎಂದು ಬೆನ್ನು ಬಗ್ಗಿಸಿ ಕೂತ.

"ಬ್ಯಾಡೋ. ನನ್ನ ಹೊತ್ಕೊಂಡ್ರ ನಿನ್ನ ಉಸರು ಉಳಿಯಂಗಿಲ್ಲ. ಬಂದ ಕೆಲಸ ಕೆಡ್ತೈತಿ," ಎಂದೆ.

"ಮಾತಾಡ್ಬ್ಯಾಡ ಗುಮಾಸ್ತ. ಮಾತಾಡಿದ್ರೆ ಭಾರ ಆಗ್ತೀಯ."

ಹೀಗೆ ನಾನು ಕೊನೆಯ ಭಾಗವನ್ನು ಈರಣ್ಣನ ಬೆನ್ನ ಮೇಲೆ ಕ್ರಮಿಸಿದೆ. ಬೊಜ್ಜು ಬಂದಿರದಿದ್ದರೂ ಕಚೇರಿಯ ಅನ್ನ ತಿಂದ ಮೈ. ಕೆರೆ ಏರಿ ಹತ್ತುವಾಗಲೇ ಅವನ ಉಸಿರು ಕಮ್ಮಾರನ ತಿದಿಯಂತಾಯಿತು. ಕೈಕಾಲು ತೊಳೆಯುವುದು, ಪಂಚೆ ಉಡುವುದು ಎಲ್ಲ ಮರೆತೇ ಹೋಯಿತು.

ಕೆಂಪಮ್ಮನವರ ಮನೆಯ ಮುಂದೆ ಜನ ಸೇರಿದ್ದರು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡಿದ್ದರು. ಗಾಡಿ ಹೂಡುತ್ತಿದ್ದರು. ನಮ್ಮನ್ನು ಕಂಡದ್ದೇ ಒಬ್ಬಾಕೆ, "ಅಯ್ಯೋ, ಹೆಣಾನೂ ಹೊತ್ಕೊಂಡೇ ಬಂದವ್ನಲ್ಲೇ," ಎಂದಳು. ಆ ಹೆಣ ನಾನೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಬೆನ್ನಿಂದ ಜಾರಿ ಇಳಿದು, ಮರ್ಯಾದೆಗೆ ಕೈಮುಗಿದೆ. ಇಬ್ಬರು ಹೆಂಗಸರು ಹಿಂದೆ ನೋಡದೆ ಹೋದರು.

ಕೆಂಪಮ್ಮನವರು ಗಂಟು ಕಂಕುಳಲ್ಲಿಟ್ಟುಕೊಂಡು ಮುಂದೆ ಬಂದರು. ಅತ್ತು ಕೆಂಪಾದ ಕಣ್ಣು. "ಅಪ್ಪ ಹೋದ್ರಂತಲ್ಲಪ್ಪ. ನಾವೇ ಹೊರಟಿದ್ವಿ. ನೀನ್ಯಾಕೆ ಓಡ್ಬಂದೆ?"

ಈರಣ್ಣ ಏದುಸಿರು ಬಿಡುತ್ತಿದ್ದ. ಕಂಬ ಹಿಡಿದು ನಿಂತಿದ್ದ. ಚಡ್ಡಿ, ಬರಿಮೈ, ಪಕ್ಕೆಲುಬು ಎದ್ದು ಎದ್ದು ಕಾಣುವ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಖಾದರ್ ಮೆಲ್ಲಗೆ ಹೇಳಿದ: "ಯಾರೂ ಸತ್ತಿಲ್ಲ ಕಣಮ್ಮ. ಇವನ್ಗೆ ದಮ್ಮಿನ ಕಾಯ್ಲೆ ಇಲ್ಲ ಅಂತ ನಿಮ್ಗೆ ತೋರ್ಸಾನ ಅಂತ ಓಡ್ಬಂದ್ವಿ."

ಯಾರೂ ನಗಲಿಲ್ಲ. ಕೆಂಪಮ್ಮನವರ ಕಣ್ಣು ಆ ಎದೆಯ ಮೇಲೆ ನಿಂತಿತ್ತು. ಅವರ ಮುಖದ ಬಣ್ಣ ಹೋಯಿತು. ಆಯಮ್ಮ ನೋಡುತ್ತಿದ್ದುದು ಈರಣ್ಣನನ್ನಲ್ಲ, ಗೋಡೆಗೊರಗಿ ಕೂತಿದ್ದ ಇನ್ಯಾರನ್ನೋ ಎಂದು ನನಗೂ ತಿಳಿಯಿತು. ನಾನು ಅವನ ಬೆನ್ನೇರದೇ ಇದ್ದಿದ್ದರೆ ಎಂಬ ಸಂಕಟದಲ್ಲಿ, "ನನ್ನ ಹೊತ್ಕೊಂಡು ಬಂದಾನ್ರೀ, ಅದಕ್ಕ ಹಿಂಗ," ಎಂದು ತೊದಲಿದೆ. ನನ್ನ ಮಾತು ಎಲ್ಲೋ ಗಾಳಿಗೆ ಹೋಯಿತು.

ಆಗ ಒಳಗಿನಿಂದ, ಬಾಗಿಲ ಚೌಕಟ್ಟು ಹಿಡಿದು, ಒಬ್ಬ ಹಣ್ಣುಹಣ್ಣು ಮುದುಕಿ ಹೊರಗೆ ಬಂದರು. ಗಿರಿಜಳ ಅಜ್ಜಿ, ದಮ್ಮಿನಿಂದ ಸತ್ತವರ ತಾಯಿ. ಕಣ್ಣು ಮಂಜಾಗಿತ್ತು. ಕೈಹಿಡಿದು ತಂದವಳು ಗಿರಿಜ. ಅವಳು ನೋಡಿದ್ದು ಈರಣ್ಣನ ಮಣ್ಣು ಮೆತ್ತಿದ ಕಾಲುಗಳನ್ನು.

"ಎಲ್ಲವ್ನೆ ಹುಡ್ಗ? ಬಗ್ಗಪ್ಪ," ಎಂದರು ಅಜ್ಜಿ. ಈರಣ್ಣ ಬಗ್ಗಿದ. ಅಜ್ಜಿ ಬೆವರಿಗೂ ಹೇಸದೆ ಅವನ ಎದೆಗೆ ಕಿವಿಯಿಟ್ಟರು. ಅಜ್ಜಿ ಈ ಕಡೆ ಕೇಳಿದರು, ಆ ಕಡೆ ಕೇಳಿದರು, ಬೆನ್ನಿಗೆ ಕಿವಿಯಿಟ್ಟೂ ಕೇಳಿದರು.

"ಕೆಂಪೀ," ಎಂದು ಸೊಸೆಯನ್ನು ಕರೆದರು. "ನನ್ ಮಗಂದು ಎದೆ ಒಳಗೆ ಬೆಕ್ಕಿನ ಮರಿ ಕೂತಂಗೆ ಕುಯ್‌ಗುಟ್ಟೋದು. ವರ್ಸೊಪ್ಪತ್ತು ಕೇಳಿದೀನಿ. ಅದು ಇಲ್ಲಿಲ್ಲ ಕಣೇ. ಇದು ಬರೀ ದಣಿದಿರೋ ಎದೆ. ಬಾ, ನೀನೂ ನೋಡು."

ಕೆಂಪಮ್ಮನವರು ತಡೆದು ತಡೆದು ಬಂದರು. ಗಂಟನ್ನು ಕೆಳಗಿಟ್ಟು, ಅವನ ಬೆನ್ನ ಮೇಲೆ ಅಂಗೈ ಇಟ್ಟು ನಿಂತರು. ಬಹಳ ಹೊತ್ತು ನಿಂತರು. ಅವರ ಕೈಯ ಕೆಳಗೆ ಈರಣ್ಣನ ಉಸಿರು ನಿಧಾನವಾಗಿ ಇಳಿಯುತ್ತ, ಇಳಿಯುತ್ತ, ಸಮವಾಯಿತು. ಆಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಯಾರ ಕಡೆಯೂ ನೋಡದೆ, "ಗಿರಿಜಾ, ಇವ್ರಿಗೆ ನೀರು ಕಾಯ್ಸು," ಎಂದು ಒಳಗೆ ಹೋದರು.

ನಾವು ಮಿಂದು, ಪಂಚೆ ಉಟ್ಟು, ಮುದ್ದೆಗೆ ಕೂರುವ ಹೊತ್ತಿಗೆ ಇನ್ನೊಂದು ಗಾಡಿ ಬಂತು. ಹೆಂಡತಿಯ ಬಾಯಿ ಬಿಡಿಸಿ ವಿಷಯ ತಿಳಿದು, ಮಾನ ಕಳೆಯಲು ಹೋದ ಮಗನನ್ನು ಎಳೆದು ತರಲು ಚಿಕ್ಕಣ್ಣನವರು ಉರಿಯುತ್ತ ಬಂದಿದ್ದರು. ಜನ ಇನ್ನೂ ಪೂರ್ತಿ ಚದರಿರಲಿಲ್ಲ. ಬಾಡಿದ ಮುಖಗಳನ್ನು ಕಂಡು ಅವರ ಸಿಟ್ಟು ಇಳಿಯಿತು. ಚಪ್ಪಲಿ ಬಿಟ್ಟು, ದನಿ ತಗ್ಗಿಸಿ ಕೇಳಿದರು: "ಯಾರು ತೀರ್ಕೊಂಡ್ರು?"

"ನೀನೇ ಕಣಪ್ಪ," ಎಂದರು ಅಜ್ಜಿ. "ಬಾ, ಊಟಕ್ಕೆ ಕೂತ್ಕೋ."

ಮುದ್ದೆ, ಅವರೆಕಾಳಿನ ಸಾರು. ಅವತ್ತು ನಾನು ತಿಂದ ಮುದ್ದೆಗಳ ವಿಷಯ ಹೇಳಿದರೆ ಖಾದರ್ ಇವತ್ತಿಗೂ ಎದ್ದು ಬಂದು ಸಾಕ್ಷಿ ಹೇಳಿಯಾನು. ಗಂಡಸರು ಮಳೆ ಬೆಳೆ ಮಾತಾಡಿದರು. ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ಚಿಕ್ಕಣ್ಣನವರು ಎತ್ತಲಾರರು, ಒಂದು ಸಲ ಬೇಡವೆನ್ನಿಸಿಕೊಂಡವರು. ಕೆಂಪಮ್ಮನವರು ಬಡಿಸಿದರು, ಅಷ್ಟೇ. ಹೊರಡುವ ಹೊತ್ತಾಯಿತು. ಈರಣ್ಣನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಗಾಡಿ ಹತ್ತಿದ ಮೇಲೆ ಕೆಂಪಮ್ಮನವರು ಹೊರಗೆ ಬಂದು ಗಾಲಿಯ ಪಕ್ಕ ನಿಂತರು. ಚಿಕ್ಕಣ್ಣನವರಿಗೆ ಕೈಮುಗಿದರು. ಆಮೇಲೆ ಈರಣ್ಣನಿಗೆ, ಬೈಯುವ ದನಿಯಲ್ಲೇ, "ಇನ್ನೊಂದ್ಸಲ ಬರುವಾಗ ಇಂಗೆ ಓಡಿ ಬರಬ್ಯಾಡ. ಗಾಡಿಯಾಗೆ ಬಾ," ಎಂದು ಹೇಳಿ ಒಳಕ್ಕೆ ತಿರುಗಿದರು.

ಗಾಡಿ ಊರು ದಾಟಿತು. ಹೊತ್ತು ಇಳಿದು ತಂಪು ಗಾಳಿ ಬೀಸುತ್ತಿತ್ತು. ಮುಂದೆ ಮೂಕಿಯ ಹತ್ತಿರ ಕೂತು ಚಿಕ್ಕಣ್ಣನವರು ಎತ್ತು ಹೊಡೆಯುತ್ತಿದ್ದರು. ಖಾದರ್ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ನಾನು ಹುಲ್ಲಿನ ಮೇಲೆ, ಮಡಿಸಲಾಗದ ಕಾಲನ್ನು ಚಾಚಿಕೊಂಡು ಮಲಗಿದ್ದೆ. ಈರಣ್ಣ ನನ್ನ ಕಿವಿಯ ಹತ್ತಿರಕ್ಕೆ ಬಾಗಿದ.

"ಇನ್ನೊಂದ್ಸಲ ಅಂದ್ರು ಅಲ್ವಾ?"

"ಅಂದ್ರು."

ಸ್ವಲ್ಪ ದೂರ ಹೋಯಿತು ಗಾಡಿ. ನನ್ನ ರೆಪ್ಪೆಗಳು ಎಳೆಯುತ್ತಿದ್ದವು.

"ಗುಮಾಸ್ತ. ಇನ್ನೊಂದ್ಸಲ ಬರುವಾಗ ಅಂತ್ಲೇ ತಾನೆ ಅಂದಿದ್ದು? ಸರಿಯಾಗಿ ಕೇಳುಸ್ಕೊಂಡ್ಯಾ?"

"ಕೇಳೀನಪಾ. ಬಾ ಅಂದ್ರು. ಗಾಡ್ಯಾಗ ಬಾ ಅಂದ್ರು."

ಮುಂದೆ ಕೂತಿದ್ದ ಚಿಕ್ಕಣ್ಣನವರು ಹಿಂದಕ್ಕೆ ತಿರುಗಲಿಲ್ಲ. ಎತ್ತಿನ ಬೆನ್ನು ತಟ್ಟುತ್ತ, ತಮ್ಮಷ್ಟಕ್ಕೆ ಎಂಬಂತೆ ಅಂದರು: "ನಾನೂ ಕೇಳ್ದೆ."